ಪ್ರವಾಸಕ್ಕೆ ಎಂಥ ಕ್ಯಾಮೆರಾ? ಬೇಲೂರು, ಹಳೇಬೀಡು, ಬೆಳಗೊಳ ಕಲಿಸಿದ ಪಾಠ

ಪ್ರವಾಸ ಹೊರಡುವ ಮುಂಚೆ ನಾವು ಹೆಂಗಸರು ಎಷ್ಟೆಲ್ಲ ಯೋಚನೆ ಮಾಡುತ್ತೇವೆ! ಪುಳಿಯೋಗರೆ ಎರಡು ದಿನ ಕೆಡದ ಹಾಗೆ ಗೊಜ್ಜು ಎಷ್ಟು ಕುದಿಸಬೇಕು, ಮೊಸರನ್ನಕ್ಕೆ ಎಷ್ಟು ಹಾಲು ಬೆರೆಸಿದರೆ ಸಂಜೆಗೆ ಹುಳಿ ಬರುವುದಿಲ್ಲ, ಯಾವ ಸೀರೆ ಉಟ್ಟರೆ ಬಸ್ಸಿನಲ್ಲಿ ಮುದುರುವುದಿಲ್ಲ, ಎಲ್ಲಕ್ಕೂ ನಮ್ಮಲ್ಲಿ ಉತ್ತರವಿದೆ. ಕ್ಯಾಮೆರಾ ಮಾತು ಬಂದರೆ ಮಾತ್ರ "ಅದೆಲ್ಲ ಅವರಿಗೇ ಗೊತ್ತು" ಎಂದು ಯಜಮಾನರ ಕಡೆಗೋ ಮಗನ ಕಡೆಗೋ ಕೈ ತೋರಿಸಿ ಸುಮ್ಮನಾಗುತ್ತೇವೆ. ಯಾಕೆ ಸೋದರಿಯರೇ? ಒಂದು ಮಿಕ್ಸಿ ಕೊಳ್ಳಲು ನಾಲ್ಕು ಅಂಗಡಿ ತಿರುಗಿ, ಜಾರು ಗಟ್ಟಿಯೇ, ಸದ್ದು ಎಷ್ಟು, ರಿಪೇರಿ ಎಲ್ಲಿ ಎಂದು ವಿಚಾರಿಸುವ ನಮಗೆ ಕ್ಯಾಮೆರಾ ಆರಿಸುವುದೇನು ದೊಡ್ಡ ವಿದ್ಯೆ?

ನಾನೂ ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಕಳೆದ ಜನವರಿಯಲ್ಲಿ ಅರಸೀಕೆರೆಯಿಂದ ಮನೆಮಂದಿಯೆಲ್ಲ ಎರಡು ದಿನದ ಮಟ್ಟಿಗೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಹೋಗಿಬಂದೆವು. ಅದಕ್ಕೆ ಮುಂಚೆ ಕ್ಯಾಮೆರಾ ಕೊಂಡವಳು ನಾನು, ಹಿಡಿದವಳೂ ನಾನೇ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಫೋನು ಇರುವಾಗ ಇದೇಕೆ?

ಮೊದಲು ಎಲ್ಲರೂ ಕೇಳುವುದು ಇದನ್ನೇ. ನಮ್ಮನೆಯವರೂ ಕೇಳಿದರು. "ಕೈಯಲ್ಲಿರೋ ಫೋನು ಸಾಲದೇನೇ? ದುಡ್ಡು ಹೆಚ್ಚಾಗಿದೆಯಾ?"

ನ್ಯಾಯವಾಗಿ ಹೇಳಬೇಕೆಂದರೆ, ಮುಕ್ಕಾಲು ಪಾಲು ಕೆಲಸಕ್ಕೆ ಫೋನೇ ಸಾಕು. ಮಕ್ಕಳ ಹುಟ್ಟುಹಬ್ಬ, ಬಾಗಿಲ ಮುಂದಿನ ರಂಗೋಲಿ, ಹೊಸ ಸೀರೆಯ ಸೆರಗು, ಇವಕ್ಕೆಲ್ಲ ಬೇರೆ ಕ್ಯಾಮೆರಾ ಬೇಡ. ದೂರದ ವಸ್ತುವನ್ನು ಹತ್ತಿರಕ್ಕೆ ಎಳೆಯುವಾಗ ಸಾಧಾರಣ ಬೆಲೆಯ ಫೋನು ಸೋಲುತ್ತದೆ. ಬೆರಳಿನಲ್ಲಿ ಹಿಗ್ಗಿಸಿದರೆ ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ ಅಷ್ಟೆ. ಒಂದು ಹಿಡಿ ಹಿಟ್ಟಿಗೆ ನೀರು ಸುರಿದು ಹತ್ತು ದೋಸೆ ಹುಯ್ದ ಹಾಗೆ! ಕ್ಯಾಮೆರಾದಲ್ಲಿ ಗಾಜಿನ ಲೆನ್ಸುಗಳೇ ಒಳಗೆ ಸರಿದು ದೂರದ್ದನ್ನು ಹತ್ತಿರ ತರುತ್ತವೆ. ಇದಕ್ಕೆ ಆಪ್ಟಿಕಲ್ ಜೂಮ್ ಎನ್ನುತ್ತಾರೆ. ಡಿಜಿಟಲ್ ಜೂಮ್ ಎಂದರೆ ನೀರು ಬೆರೆಸಿದ ಹಿಟ್ಟು. ಡಬ್ಬದ ಮೇಲೆ ಯಾವುದು ಎಷ್ಟು ಪಟ್ಟು ಎಂದು ಬರೆದಿದೆ, ಅದನ್ನು ಓದದೆ ದುಡ್ಡು ಕೊಡಬೇಡಿ.

ನನಗೆ ಈ ಜೂಮ್ ಬೇಕಾಗಿದ್ದದ್ದು ನಮ್ಮತ್ತೆಯವರಿಗಾಗಿ. ಅವರಿಗೀಗ ಎಪ್ಪತ್ತೆಂಟು. ಮುಖದ ಹತ್ತಿರ ಹಿಡಿದದ್ದು ಕಾಣುತ್ತದೆ, ದೂರದ್ದೆಲ್ಲ ಮಂಜು. ಇನ್ನು ಹೆಚ್ಚು ಸುಧಾರಿಸುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿಯಾಗಿದೆ. ಮದುವೆಯಾದ ಹೊಸದರಲ್ಲಿ ಬೇಲೂರು ನೋಡಿದ್ದರಂತೆ. "ತಲೆ ಎತ್ತಿ ನೋಡೋಕೂ ನಾಚಿಕೆ ಕಣೆ ಆಗ. ಹಿರಿಯರು ಬೇಗ ನಡೀರಿ ಅಂದ್ರು, ನಡೆದ್ವಿ" ಎನ್ನುತ್ತಿದ್ದರು. ಇನ್ನೊಂದು ಸಲ ನೋಡಬೇಕೆಂಬ ಆಸೆ. ಆದರೆ ಬೇಲೂರಿನ ಶಿಲಾಬಾಲಿಕೆಯರು ಇರುವುದು ಎತ್ತರದಲ್ಲಿ, ಸೂರಿನ ಕೆಳಗೆ. ಅಲ್ಲಿಗೆ ಕರೆದುಕೊಂಡು ಹೋಗಿ ಮಂಜು ತೋರಿಸಿದರೆ ಏನು ಬಂತು?

ಹಾಗಾಗಿ ನಾನು ಹೇಳುವ ಮೊದಲ ಮಾತು ಇದು. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಕೂತು ಕೇಳಿಕೊಳ್ಳಿ: ಏನನ್ನು ತೆಗೆಯಬೇಕು? ಯಾರಿಗೆ ತೋರಿಸಬೇಕು? ಈ ಎರಡಕ್ಕೆ ಉತ್ತರ ಸಿಕ್ಕಿತೋ, ಅರ್ಧ ಕ್ಯಾಮೆರಾ ಕೊಂಡ ಹಾಗೆ.

ಅಂಗಡಿಯವರ ಭಾಷೆ

ಅಂಗಡಿಯವರು ಮೊದಲು ಹೇಳುವುದು ಮೆಗಾಪಿಕ್ಸೆಲ್. ಚಿತ್ರ ಎಷ್ಟು ಚುಕ್ಕಿಗಳಿಂದ ಆಗಿದೆ ಎಂಬ ಲೆಕ್ಕ ಅದು. ಹತ್ತು ಲಕ್ಷ ಚುಕ್ಕಿ ಅಂದರೆ ಒಂದು ಮೆಗಾಪಿಕ್ಸೆಲ್. ಆಲ್ಬಮ್ಮಿಗೆ ಹಾಕುವ 4 ಇಂಚು, 6 ಇಂಚಿನ ಚಿತ್ರ ಚೆನ್ನಾಗಿ ಬರಲು ಎರಡು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚಿದ್ದರೆ ಸಾಕು. 20 ಮೆಗಾಪಿಕ್ಸೆಲ್ ಇದ್ದರೆ 12 ಇಂಚು, 18 ಇಂಚಿನ ಚಿತ್ರವನ್ನೇ ಗೋಡೆಗೆ ಹಾಕಬಹುದು. ಅದಕ್ಕಿಂತ ಹೆಚ್ಚಿನ ಅಂಕಿ ಹೇಳಿದರೆ ಮರುಳಾಗಬೇಡಿ.

ನಿಜವಾಗಿ ಕೇಳಬೇಕಾದ್ದು ಸೆನ್ಸರ್ ಎಷ್ಟು ದೊಡ್ಡದು ಎಂದು. ಹಳೇ ಕ್ಯಾಮೆರಾಗಳಲ್ಲಿ ಫಿಲ್ಮ್ ಇದ್ದ ಜಾಗದಲ್ಲಿ ಈಗ ಇರುವುದೇ ಈ ಸೆನ್ಸರ್. ಅಂಗಳದಲ್ಲಿ ಮಳೆಗೆ ಒಂದು ಲೋಟ, ಒಂದು ಬೋಗುಣಿ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ನಿಲ್ಲುತ್ತದೆ? ಬೆಳಕೂ ಹಾಗೆಯೇ. ಸೆನ್ಸರ್ ಅಗಲವಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ, ಮಬ್ಬುಗತ್ತಲಲ್ಲೂ ಚಿತ್ರ ಸ್ವಚ್ಛವಾಗಿ ಬರುತ್ತದೆ. ಉದ್ದ ಜೂಮಿನ ಚಿಕ್ಕ ಕ್ಯಾಮೆರಾಗಳಲ್ಲಿ ಇದರ ಅಳತೆ ಸುಮಾರು 6 ಮಿಲಿಮೀಟರ್ ಉದ್ದ, ನಾಲ್ಕೂವರೆ ಅಗಲ. 'ಒಂದಿಂಚಿನ ಸೆನ್ಸರ್' ಎನ್ನುವುದು ಸುಮಾರು 13 ಮಿಲಿಮೀಟರ್ ಉದ್ದ, 9 ಅಗಲ. ಅಳೆದರೆ ಅದು ಒಂದಿಂಚು ಇಲ್ಲವೇ ಇಲ್ಲ! ಹಿಂದಿನ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಲೆಕ್ಕದಿಂದ ಉಳಿದುಬಂದ ಹೆಸರು. ಆದರೂ ಚಿಕ್ಕದಕ್ಕಿಂತ ನಾಲ್ಕು ಪಟ್ಟು ವಿಸ್ತಾರ.

ಹಾಗಾದರೆ ದೊಡ್ಡ ಸೆನ್ಸರ್, ಉದ್ದ ಜೂಮ್ ಎರಡೂ ಇರುವುದನ್ನೇ ಕೊಳ್ಳೋಣ ಎನ್ನುತ್ತೀರಿ. ಅಲ್ಲೇ ಇರುವುದು ತೊಡಕು. ಸೆನ್ಸರ್ ದೊಡ್ಡದಾದರೆ ಲೆನ್ಸೂ ದೊಡ್ಡದಾಗಬೇಕು, ಆಗ ಅದು ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುವುದಿಲ್ಲ. ಚಿಕ್ಕ ಕ್ಯಾಮೆರಾ ಬೇಕೆಂದರೆ ಒಂದನ್ನು ಪಡೆದು ಇನ್ನೊಂದನ್ನು ಬಿಡಲೇಬೇಕು. ಹೀಗಾಗಿ ಮೂರು ಜಾತಿ.

ಮೊದಲನೆಯದು ಉದ್ದ ಜೂಮಿನದು. 2018ರಲ್ಲಿ ಬಂದ ಕ್ಯಾನನ್ ಎಸ್ಎಕ್ಸ್740 ಇಂಥದ್ದು. ನಲವತ್ತು ಪಟ್ಟು ಜೂಮ್, ತೂಕ 300 ಗ್ರಾಂ ಆಸುಪಾಸು. ಮರದ ಮೇಲಿನ ಹಕ್ಕಿ, ಗೋಪುರದ ಕಳಶ ಹತ್ತಿರ ಬರುತ್ತವೆ. ಸೆನ್ಸರ್ ಚಿಕ್ಕದಾದ್ದರಿಂದ ಕತ್ತಲಲ್ಲಿ ಕಷ್ಟ.

ಎರಡನೆಯದು ಜೂಮೇ ಇಲ್ಲದ, ದೊಡ್ಡ ಸೆನ್ಸರಿನದು. 2019ರ ರಿಕೋ ಜಿಆರ್3 ಇದಕ್ಕೆ ಉದಾಹರಣೆ. 257 ಗ್ರಾಂ ತೂಗುವ ಅದರೊಳಗೆ ಸುಮಾರು 24 ಮಿಲಿಮೀಟರ್ ಉದ್ದ, 16 ಅಗಲದ ಸೆನ್ಸರ್! ಬೀದಿ, ಮನೆ, ಮುಖ ಎಲ್ಲ ಬಹಳ ಚೆನ್ನ. ಹತ್ತಿರ ಬೇಕೆಂದರೆ ನೀವೇ ನಡೆದು ಹತ್ತಿರ ಹೋಗಬೇಕು.

ಮೂರನೆಯದು ನಡುವಿನ ದಾರಿ, ಒಂದಿಂಚಿನ ಸೆನ್ಸರ್, ಹಿತಮಿತ ಜೂಮ್. 2012ರಲ್ಲಿ ಸೋನಿ ಆರ್ಎಕ್ಸ್100 ಬಂದ ಮೇಲೆ ಈ ಜಾತಿ ಹೆಸರು ಮಾಡಿತು. 2019ರ ಏಳನೇ ಮಾದರಿಯಲ್ಲಿ ಎಂಟು ಪಟ್ಟು ಜೂಮ್ ಇದೆ, ತೂಕ 302 ಗ್ರಾಂ.

ಲೆನ್ಸ್ ಬದಲಾಯಿಸುವ ಕ್ಯಾಮೆರಾಗಳು ಬೇರೆ ಇವೆ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಹಣ್ಣುಕಾಯಿ ತಟ್ಟೆ ಹಿಡಿಯುವವರಿಗೆ ಲೆನ್ಸು ಬದಲಾಯಿಸಲು ಮೂರನೇ ಕೈ ಬೇಕು. ಅದನ್ನು ಬಿಟ್ಟೆ.

ನಾನು ಆರಿಸಿದ್ದು ನಡುವಿನ ದಾರಿಯನ್ನೇ. ಹೊಸದಕ್ಕೆ ಕೈ ಸಾಲದು. ಹಪ್ಪಳ ಸಂಡಿಗೆ ಮಾರಿ ಎರಡು ವರ್ಷ ಕೂಡಿಟ್ಟ ಚೀಟಿ ದುಡ್ಡಿನಲ್ಲಿ, ಪ್ಯಾನಸಾನಿಕ್‌ನವರು 2016ರಲ್ಲಿ ಹೊರತಂದ ಹತ್ತು ಪಟ್ಟು ಜೂಮಿನ ಕ್ಯಾಮೆರಾವನ್ನು ಹಾಸನದ ಒಂದು ಸ್ಟುಡಿಯೋದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ತೂಕ 312 ಗ್ರಾಂ. ಕಣ್ಣಿಟ್ಟು ನೋಡಲು ಪುಟ್ಟ ಕಿಂಡಿಯೊಂದಿದೆ. ಇದನ್ನು ಕೊಳ್ಳುವಾಗ ದುಂದು ಎನಿಸಿತ್ತು. ಬಿಸಿಲಿನಲ್ಲಿ ಹಿಂದಿನ ಪರದೆ ಕಾಣದೆ ಹೋದಾಗ ಇದರ ಬೆಲೆ ತಿಳಿಯಿತು. ಹೊರಡುವ ಮುಂಚೆ ಒಂದು ವಾರ ನಮ್ಮೂರಿನ ಈಶ್ವರ ದೇವಸ್ಥಾನಕ್ಕೆ ಹೋಗಿ ಕೈ ಪಳಗಿಸಿಕೊಂಡೆ. ಅದೂ 1220ರ ಹೊಯ್ಸಳ ಗುಡಿಯೇ. ಹೊಸ ಬಾಣಲೆಯನ್ನು ನೆಂಟರು ಬಂದ ದಿನವೇ ಒಲೆಗಿಡುತ್ತೀರಾ? ಕ್ಯಾಮೆರಾ ಕೂಡ ಹಾಗೇ.

ಬೇಲೂರು: ಎತ್ತರ ಮತ್ತು ಕತ್ತಲೆ

ಬೆಳಿಗ್ಗೆ ಬೇಲೂರು, ಮಧ್ಯಾಹ್ನದ ಮೇಲೆ ಹಳೇಬೀಡು ಎಂದು ನಾನೇ ಗೊತ್ತುಮಾಡಿದ್ದೆ. ಕಾರಣ ಮುಂದೆ ಹೇಳುತ್ತೇನೆ.

ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾದದ್ದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಶಿಲಾಬಾಲಿಕೆಯರು ಒಟ್ಟು 42. ಹೊರಗೆ ಸೂರಿನ ಕೆಳಗೆ 38, ಒಳಗೆ ನವರಂಗದಲ್ಲಿ ನಾಲ್ಕು. ಕನ್ನಡಿ ನೋಡಿಕೊಳ್ಳುವವಳು, ಗಿಳಿಯೊಡನೆ ಮಾತಾಡುವವಳು, ಮಿಂದು ತಲೆಗೂದಲು ಹಿಂಡುವವಳು, ಸೀರೆ ಎಳೆಯುವ ಕೋತಿಯನ್ನು ಗದರುವವಳು. ಎಲ್ಲ ಬಳಪದ ಕಲ್ಲಿನಲ್ಲಿ!

ಇಲ್ಲಿ ಒಂದು ಸಣ್ಣ ತೊಂದರೆ ಇದೆ. ಬೊಂಬೆಗಳು ಇರುವುದು ಸೂರಿನ ನೆರಳಿನಲ್ಲಿ, ಹಿಂದೆ ಬೆಳಗುವ ಆಕಾಶ. ಕ್ಯಾಮೆರಾ ಆಕಾಶ ನೋಡಿ "ಬೆಳಕು ಜಾಸ್ತಿ" ಎಂದುಕೊಂಡು ಬೊಂಬೆಯನ್ನು ಕಪ್ಪು ಮಾಡಿಬಿಡುತ್ತದೆ. ಪ್ಲಸ್, ಮೈನಸ್ ಗುರುತಿರುವ ಗುಂಡಿ ಒತ್ತಿ ಪ್ಲಸ್ ಒಂದಕ್ಕೆ ಇಟ್ಟೆ. ಮುಖದ ನಗು ಎದ್ದು ಬಂತು. ಈ ಗುಂಡಿ ಸುಲಭವಾಗಿ ಸಿಕ್ಕುತ್ತದೆಯೇ ಎಂದು ಕೊಳ್ಳುವಾಗಲೇ ನೋಡಿ.

ಅತ್ತೆಯವರನ್ನು ಜಗತಿಯ ಕೆಳಗೆ ಒಂದು ಕಡೆ ಕೂರಿಸಿ, ಒಬ್ಬೊಬ್ಬಳನ್ನಾಗಿ ಜೂಮ್ ಎಳೆದು ತೆಗೆದು ತಂದು ಪರದೆ ತೋರಿಸಿದೆ. ಅವರು ಕ್ಯಾಮೆರಾವನ್ನು ಮೂಗಿನ ಹತ್ತಿರ ಹಿಡಿದು, ಗುಂಡಿ ತಿರುಗಿಸಿ ದೊಡ್ಡದು ಮಾಡಿಕೊಂಡು ನೋಡತೊಡಗಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಬಳೆ ಇದೆ ನೋಡೇ ಇವಳ ಕೈಯಲ್ಲಿ! ನನಗೆ ಆವತ್ತೂ ಕಂಡಿರಲಿಲ್ಲ" ಎಂದರು. "ಆ ತಲೆ ಹಿಂಡ್ಕೊಳ್ಳೋಳು ಎಲ್ಲಿದಾಳೆ? ಅವಳನ್ನೂ ತಗೊಂಬಾ" ಎಂದು ಕಳಿಸಿದರು. ನೆರೆಹೊರೆಯವರನ್ನು ಕರೆದುಕೊಂಡು ಬಾ ಎಂದ ಹಾಗೆ!

ಕೆಲವು ಬೊಂಬೆಗಳ ಪೀಠದಲ್ಲಿ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅವರಲ್ಲಿ ಹೆಸರಾದವರು. ಜೂಮ್ ಎಳೆದಾಗ ಒಂದು ಪೀಠದಲ್ಲಿ ಹಳೆಯ ಕನ್ನಡ ಅಕ್ಷರಗಳ ಸಾಲು ಕಂಡಿತು. ಬರಿಗಣ್ಣಿಗೆ ಅದು ಬರೀ ಗೀರು.

ಒಳಗೆ ಕಥೆಯೇ ಬೇರೆ. ಕಲ್ಲಿನ ಜಾಲಂಧ್ರಗಳಿಂದ ಸೋಸಿ ಬರುವಷ್ಟೇ ಬೆಳಕು. ಜೂಮ್ ಎಳೆದಷ್ಟೂ ನನ್ನ ಲೆನ್ಸಿನೊಳಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಅದಕ್ಕೆ ಜೂಮ್ ಪೂರ್ತಿ ಹಿಂದಕ್ಕೆ ತಂದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಒತ್ತಿದೆ. ಬಂತು. ಚಿಕ್ಕ ಸೆನ್ಸರಿನದಾಗಿದ್ದರೆ ರವೆ ಚೆಲ್ಲಿದ ಹಾಗೆ ಚುಕ್ಕೆಚುಕ್ಕೆ ಬರುತ್ತಿತ್ತು. ಫ್ಲಾಷ್ ಹಾಕಬೇಡಿ. ಕಲ್ಲಿನ ಕೆತ್ತನೆಯ ನೆರಳೆಲ್ಲ ಹೋಗಿ ಸುಣ್ಣ ಬಳಿದಂತೆ ಕಾಣುತ್ತದೆ, ಪೂಜೆಗೆ ಬಂದವರಿಗೂ ಕಿರಿಕಿರಿ. ಗರ್ಭಗುಡಿಯ ದೇವರನ್ನು ತೆಗೆಯುವ ಹಟವೂ ಬೇಡ. ಅಲ್ಲಿ ಕೈ ಮುಗಿಯಲು ಎರಡೂ ಕೈ ಬೇಕು.

ಹಳೇಬೀಡು: ಇಳಿಬಿಸಿಲಿನ ಉಪಕಾರ

ಹಳೇಬೀಡು ಅಲ್ಲಿಂದ 16 ಕಿಲೋಮೀಟರು. ಹೊಯ್ಸಳೇಶ್ವರ ದೇವಾಲಯ 1121ರ ಸುಮಾರಿಗೆ ಶುರುವಾದದ್ದು. ಗುಡಿ ಪೂರ್ವಾಭಿಮುಖ. ದೊಡ್ಡ ದೊಡ್ಡ ವಿಗ್ರಹಗಳ ಸಾಲು ಇರುವುದು ಹಿಂದುಗಡೆ, ಪಶ್ಚಿಮದ ಗೋಡೆಯಲ್ಲಿ. ಬೆಳಿಗ್ಗೆ ಹೋದರೆ ಅದು ಪೂರ್ತಿ ನೆರಳು. ಮೂರು ಗಂಟೆಯ ಮೇಲೆ ಹೋದರೆ ಬಿಸಿಲು ಓರೆಯಾಗಿ ಬಿದ್ದು ಪ್ರತಿಯೊಂದು ಸರ, ಪ್ರತಿಯೊಂದು ಬೆರಳು ಎದ್ದು ಕಾಣುತ್ತದೆ. ನಾನು ಹಳೇಬೀಡನ್ನು ಮಧ್ಯಾಹ್ನಕ್ಕೆ ಇಟ್ಟದ್ದು ಇದಕ್ಕೇ. ಎಷ್ಟು ದುಡ್ಡು ಕೊಟ್ಟರೂ ಯಾವ ಕ್ಯಾಮೆರಾದಲ್ಲೂ ಈ ಬಿಸಿಲು ಸಿಕ್ಕುವುದಿಲ್ಲ.

ಇಲ್ಲಿ ಜೂಮ್ ಅಷ್ಟಾಗಿ ಬೇಕಾಗಲಿಲ್ಲ. ಕೆಳಗಿನಿಂದ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಎಲ್ಲ ಕೈಗೆಟುಕುವ ಎತ್ತರ. ನಮ್ಮತ್ತೆ ಗೋಡೆಗೆ ಮುಖ ತಂದು ತಾವೇ ನೋಡಿಕೊಂಡು ನಡೆದರು. ಇಂಥ ಕಡೆ ಫೋನು ಕೂಡ ಒಳ್ಳೆಯ ಚಿತ್ರ ಕೊಡುತ್ತದೆ. ನನ್ನ ಮಗಳು ಫೋನಿನಲ್ಲಿ ತೆಗೆದ ಆನೆಗಳ ಸಾಲು ನನ್ನದಕ್ಕಿಂತ ಏನೂ ಕಡಿಮೆಯಿಲ್ಲ. ನಿಮ್ಮ ಪ್ರವಾಸವೆಲ್ಲ ಇಂಥ ಜಾಗಗಳಿಗೇ ಆದರೆ ಕ್ಯಾಮೆರಾ ದುಡ್ಡು ಉಳಿಸಿ ಇನ್ನೊಂದು ಊರು ನೋಡಿ ಬನ್ನಿ ಎಂದೇ ಹೇಳುತ್ತೇನೆ.

ಬೆಳಗೊಳ: ಹತ್ತಲಾರದವರಿಗಾಗಿ

ರಾತ್ರಿ ಹಾಸನದಲ್ಲಿ ತಂಗಿ, ಮಾರನೆಯ ದಿನ ಬೆಳಿಗ್ಗೆ ಶ್ರವಣಬೆಳಗೊಳ. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು. ಅತ್ತೆಯವರ ಮೊಣಕಾಲಿಗೆ ಆಗದ ಮಾತು. ಡೋಲಿ ಮಾಡೋಣ ಎಂದರು ನಮ್ಮನೆಯವರು. ಅತ್ತೆ ಒಪ್ಪಲಿಲ್ಲ. "ನಾಲ್ಕು ಜನರ ಹೆಗಲ ಮೇಲೆ ಹೋಗೋದು ಒಂದೇ ಸಲ ಕಣಪ್ಪ. ಈಗಲೇ ಯಾಕೆ?" ಎಂದು ನಕ್ಕು ಕಲ್ಯಾಣಿಯ ಕಡೆ ನೆರಳಿನಲ್ಲಿ ಕುಳಿತರು. "ನೀನು ಹತ್ತಿ ನೋಡ್ಕೊಂಬಾ. ನನಗೂ ತಗೊಂಬಾ" ಎಂದರು.

ಕ್ರಿ.ಶ. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಗೊಮ್ಮಟ, ಒಂದೇ ಕಲ್ಲು, ಸುಮಾರು 58 ಅಡಿ. ಅಂಗಳ ಚಿಕ್ಕದು, ಸುತ್ತ ಗೋಡೆ. ಇಷ್ಟು ಎತ್ತರದ ಮೂರ್ತಿಯನ್ನು ಹತ್ತಿರದಿಂದ ಒಂದೇ ಚಿತ್ರದಲ್ಲಿ ಹಿಡಿಸಲು ಅಗಲವಾಗಿ ಕಾಣುವ ಲೆನ್ಸ್ ಬೇಕು. ಲೆನ್ಸಿನ ಮೇಲೆ ಬರೆದಿರುವ ಮೊದಲ ಅಂಕಿ 24 ಅಥವಾ 25ಕ್ಕೆ ಸಮ ಎಂದಿದ್ದರೆ ಅದು ಅಗಲ. ಜೂಮ್ ಎಷ್ಟು ದೂರ ಹೋಗುತ್ತದೆ ಎಂದು ಕೇಳುವವರು ಎಷ್ಟು ಅಗಲದಿಂದ ಶುರುವಾಗುತ್ತದೆ ಎಂದೂ ಕೇಳಬೇಕು.

ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬೆಳಕು ಬೆನ್ನ ಹಿಂದಿನಿಂದ, ಮುಖ ನೆರಳು. ಇಲ್ಲೂ ಅದೇ ಪ್ಲಸ್ ಗುಂಡಿ ಕಾಪಾಡಿತು. ಮೊದಲು ಪೂರ್ತಿ ಮೂರ್ತಿ, ಆಮೇಲೆ ಜೂಮ್ ಎಳೆದು ಮುಖ, ಗುಂಗುರು ಕೂದಲು, ತೋಳಿಗೆ ಸುತ್ತಿದ ಬಳ್ಳಿ, ಪಾದ, ಪಾದದ ಬದಿಯ ಶಾಸನ. ಮೆಟ್ಟಿಲುಗಳನ್ನೂ ತೆಗೆದೆ. ಹತ್ತದವರಿಗೆ ದಾರಿಯೂ ಬೇಕಲ್ಲವೇ?

ಕೆಳಗೆ ಬಂದು ತೋರಿಸಿದಾಗ ಅತ್ತೆಯವರು ಎಲ್ಲವನ್ನೂ ನೋಡಿ ಮತ್ತೆ ಮುಖದ ಚಿತ್ರಕ್ಕೇ ಹಿಂತಿರುಗಿದರು. ಸೆರಗಿನಿಂದ ಪರದೆ ಒರೆಸಿ ಇನ್ನೊಮ್ಮೆ ನೋಡಿದರು. "ಹತ್ತಿದವರಿಗೂ ಇಷ್ಟು ಹತ್ತಿರ ಸಿಕ್ಕಲ್ಲ, ಅಲ್ವೇನೇ?" ಎಂದರು. ನಿಜ, ಅಂಗಳದಲ್ಲಿ ನಿಂತವರಿಗೂ ಆ ಮುಖ ಅಷ್ಟು ಹತ್ತಿರ ಬರುವುದಿಲ್ಲ.

ದಿನನಿತ್ಯಕ್ಕೆ

ವರ್ಷಕ್ಕೊಂದು ಪ್ರವಾಸಕ್ಕೆಂದೇ ಕ್ಯಾಮೆರಾ ಬೀರುವಿನಲ್ಲಿ ಕೂತರೆ ದುಡ್ಡು ದಂಡ. ಅಡಿಗೆಯ ಚಿತ್ರ ತೆಗೆಯುವಾಗ ತಟ್ಟೆಯನ್ನು ಕಿಟಕಿಯ ಪಕ್ಕ ಇಟ್ಟು ಟ್ಯೂಬ್‌ಲೈಟ್ ಆರಿಸಿ. ದೋಸೆಯ ಗರಿಗರಿ ಬಣ್ಣ ಇದ್ದ ಹಾಗೇ ಬರುತ್ತದೆ. ಓಡಾಡುವ ಮಕ್ಕಳನ್ನು ಒಂದರ ಹಿಂದೊಂದು ಸಾಲಾಗಿ ತೆಗೆಯುವ ವ್ಯವಸ್ಥೆಯಲ್ಲಿಟ್ಟರೆ ಹತ್ತರಲ್ಲಿ ಒಂದಾದರೂ ಚೆನ್ನಾಗಿರುತ್ತದೆ. 36 ಚಿತ್ರದ ರೋಲು ಮುಗಿಯುತ್ತದೆಂದು ಹೆದರುತ್ತಿದ್ದ ಕಾಲ ಹೋಯಿತು. ಹತ್ತು ಸೆಕೆಂಡಿನ ಟೈಮರ್ ಇಟ್ಟು ನೀವೂ ಹೋಗಿ ನಿಲ್ಲಿ. ಚಿತ್ರ ತೆಗೆಯುವವಳು ಚಿತ್ರದಲ್ಲಿ ಇಲ್ಲದೆ ಹೋಗಬಾರದು.

ಕೊಳ್ಳುವಾಗ ಇವನ್ನು ಮರೆಯಬೇಡಿ

1. ಕೈಯಲ್ಲಿ ಹಿಡಿದು ನೋಡಿ. ಬಳೆ ಹಾಕಿದ ಕೈಗೆ, ಒಂದೇ ಕೈಯಲ್ಲಿ ಸಿಕ್ಕುತ್ತದೆಯೇ? ನಿಮ್ಮ ಬ್ಯಾಗನ್ನೂ ಒಯ್ದು ಹಾಕಿ ನೋಡಿ.

2. ಅಂಗಡಿಯ ಕತ್ತಲ ಮೂಲೆಯ ಒಂದು ಚಿತ್ರ, ಎದುರು ಬೀದಿಯ ಬೋರ್ಡನ್ನು ಜೂಮ್ ಎಳೆದು ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ.

3. ಕೈ ನಡುಕ ತಡೆಯುವ ಸೌಕರ್ಯ ಇದೆಯೇ ಕೇಳಿ. ಜೂಮ್ ಇರುವಲ್ಲಿ ಇದು ಬೇಕೇ ಬೇಕು.

4. ಚಿಕ್ಕ ಕ್ಯಾಮೆರಾದ ಬ್ಯಾಟರಿ ಒಮ್ಮೆ ತುಂಬಿದರೆ ಇನ್ನೂರು ಮುನ್ನೂರು ಚಿತ್ರಕ್ಕೆ ಬರುತ್ತದೆ. ಇನ್ನೊಂದು ಬ್ಯಾಟರಿ ಜೊತೆಗಿರಲಿ. ಫೋನಿನ ಚಾರ್ಜರಿನಿಂದಲೇ ತುಂಬುವಂಥದ್ದಾದರೆ ಇನ್ನೂ ಒಳ್ಳೆಯದು.

5. ಸೆಕೆಂಡ್ ಹ್ಯಾಂಡ್ ಆದರೆ ಬಿಳಿ ಗೋಡೆಯ ಚಿತ್ರ ತೆಗೆದು ಕಪ್ಪು ಚುಕ್ಕೆ ಇದೆಯೇ ಹುಡುಕಿ. ಇದ್ದರೆ ಒಳಗೆ ಧೂಳು ಸೇರಿದೆ. ಲೆನ್ಸು ಹೊರಬರುವಾಗ ಕರಕರ ಸದ್ದು ಬಂದರೆ, ಬ್ಯಾಟರಿ ಉಬ್ಬಿದ್ದರೆ ಬೇಡ. ಹಳೆಯ ಬಿಲ್ಲು, ಚಾರ್ಜರು ಕೇಳಿ ಪಡೆಯಿರಿ.

6. ಟ್ರೈಪಾಡ್ ಬಿಟ್ಟು ಹೋಗಿ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಬೇಕು.

ಕೊನೆಯದಾಗಿ, ಊರಿಗೆ ಬಂದ ದಿನವೇ ಚಿತ್ರಗಳನ್ನು ಕಾರ್ಡಿನಿಂದ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಹಾಕಿಸಿಡಿ. ಹತ್ತಿಪ್ಪತ್ತನ್ನಾದರೂ ಸ್ಟುಡಿಯೋದಲ್ಲಿ ಕಾಗದದ ಮೇಲೆ ಮಾಡಿಸಿ. ಫೋನಿನಲ್ಲಿ ಸಾವಿರ ಚಿತ್ರ ಇದ್ದರೂ ಮುದುಕರಿಗೆ ಅದನ್ನು ತೆರೆಯಲು ಇನ್ನೊಬ್ಬರು ಬೇಕು. ನಮ್ಮತ್ತೆಯವರಿಗೆ ನಾನು ಅರ್ಧ ಕಾಗದದಷ್ಟು ದೊಡ್ಡದಾಗಿ ಹದಿನಾಲ್ಕು ಚಿತ್ರ ಮಾಡಿಸಿಕೊಟ್ಟೆ. ಮಧ್ಯಾಹ್ನ ಊಟವಾದ ಮೇಲೆ ಬಾಗಿಲ ಬಳಿಯ ಬೆಳಕಿನಲ್ಲಿ ಕೂತು, ಪಕ್ಕದ ಮನೆಯವರಿಗೆ ಒಂದೊಂದನ್ನೂ ಕೈಗೆ ಕೊಟ್ಟು, ಯಾರ ಕೈಯಲ್ಲಿ ಕನ್ನಡಿ ಇದೆ, ಯಾರ ಸೀರೆಯನ್ನು ಕೋತಿ ಎಳೆಯುತ್ತಿದೆ ಎಂದು ಈಗ ಅವರೇ ತೋರಿಸುತ್ತಾರೆ.